ದೊಡ್ಡಿಯ ಕೀಲಿಕೈ

ಹೊಲಕ್ಕೆ ಬಾಯಿ ಹಾಕಿದ ತಪ್ಪಿಗೆ ಆಡೊಂದನ್ನು ಪಂಚಾಯಿತಿಯ ದೊಡ್ಡಿಗೆ ತಳ್ಳಿ, ಬೀಗ ಜಡಿದು, ಕಾವಲುಗಾರ ಊಟಕ್ಕೆ ಹೋದ. ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದ ಕೀಲಿಕೈಗೆ ಅವತ್ತು ಯಾಕೋ ತನ್ನ ಬಾಳೇ ಹೇಸಿಗೆ ಅನ್ನಿಸಿತು. ‘ಯಾರೂ ಯಾರನ್ನೂ ಕೂಡಿಹಾಕಬಾರದು. ಇನ್ನು ಯಾವ ಬೀಗದ ಮುಖವನ್ನೂ ನೋಡುವುದಿಲ್ಲ’ ಎಂದು ಶಪಥ ಮಾಡಿತು.

ಹೊರಗೆ ಆಡಿನ ಮರಿ ಹಸಿದು ಅರಚುತ್ತಿತ್ತು.

“ಒಂದು ಸಲ ತಿರುಗಿ, ತಾಯಿ,” ಎಂದು ಆಡು ಕೀಲಿಕೈಯನ್ನು ಬೇಡಿಕೊಂಡಿತು.

“ಬೀಗದೊಳಗೆ ಹೋದರೆ ಅದರ ದರ್ಬಾರನ್ನು ಒಪ್ಪಿದ ಹಾಗೆ. ಆಮೇಲೆ ನನ್ನ ತತ್ವದ ಗತಿ?”

“ನಿಮ್ಮ ತತ್ವ ಮೊಳೆಯ ಮೇಲೆ ಸುಖವಾಗಿದೆ. ನನ್ನ ಕೆಚ್ಚಲು ಬಿಗಿಯುತ್ತಿದೆ.”

“ಸರಿ, ಕಚ್ಚಿ ಹಿಡಿ. ನುಂಗಿಗಿಂಗೀಯ, ಜೋಕೆ!” ಎಂದಿತು ಕೀಲಿಕೈ. ಆಡು ಕಂಬಿಗಳ ನಡುವೆ ಕತ್ತು ತೂರಿಸಿ, ಅದನ್ನು ಬೀಗಕ್ಕೆ ಹಾಕಿ ತಿರುಗಿಸಿತು. ಬಾಗಿಲು ತೆರೆದದ್ದೇ ತಡ, ಮರಿಯನ್ನು ಕರೆದುಕೊಂಡು ಓಡಿತು.

“ನಮ್ಮನ್ನು ಬೈಯುವವರೂ ಕೊನೆಗೆ ಇಲ್ಲಿಗೇ ಬರುವುದು,” ಎಂದು ಬೀಗ ನಕ್ಕಿತು. “ಹೊರಗೆ ಬಿಸಿಲು. ಇಲ್ಲಿ ನೋಡಿ, ಎಣ್ಣೆ ಬಿಟ್ಟ ತಂಪು ಜಾಗ. ಇಲ್ಲೇ ಇದ್ದುಬಿಡಿ, ದಿನಾ ಯಾರನ್ನಾದರೂ ಬಿಡಿಸಬಹುದು.”

ಎಣ್ಣೆ ನಿಜಕ್ಕೂ ಹಿತವಾಗಿತ್ತು. ಕೀಲಿಕೈಗೆ ಜೊಂಪು ಹತ್ತುವಷ್ಟರಲ್ಲಿ ದೂರದಿಂದ ಕಾವಲುಗಾರನ ತೇಗು ಕೇಳಿಸಿತು.

“ಬಂದ ಕೆಲಸ ಮುಗಿಯಿತು. ಇಲ್ಲೇ ಕೂತರೆ ಅವನ ಕೈ ನನ್ನನ್ನು ಇನ್ನೊಂದು ಕಡೆಗೂ ತಿರುಗಿಸುತ್ತದೆ,” ಎಂದು ಕೀಲಿಕೈ ಕೊಸರಿಕೊಂಡು, ಕೆಳಗಿದ್ದ ಸಗಣಿಗೆ ದೊಪ್ಪನೆ ಬಿದ್ದು ಮುಳುಗಿತು.

“ಅಯ್ಯೋ, ತತ್ವವಂತರು ಸಗಣಿಗೆ ಬಿದ್ದರು!” ಎಂದು ಬೀಗ ಕೂಗಿತು.

“ಬಿದ್ದದ್ದು ನಿಜ,” ಎಂದಿತು ಕೀಲಿಕೈ ಸಗಣಿಯೊಳಗಿಂದ. “ಆದರೆ ಹೊರಗೆ ಬಿದ್ದೆ.”