ಖಾಲಿ ಬಿಡಲೊಪ್ಪದ ಮಾಸ್ತರ

ಕಸೂತಿಯಲ್ಲಿ ಒಂದು ಹೊಲಿಗೆ ಇದೆ. ಅದರ ಹೆಸರು ಗ... ಗವ... ಇಲ್ಲ, ಬರುತ್ತಿಲ್ಲ. ಧಾರವಾಡ ಬಿಟ್ಟು ಭಿಲಾಯಿಗೆ ಬಂದು ನಲವತ್ತೆಂಟು ವರ್ಷವಾಯಿತು. ಇಲ್ಲಿ ಆ ಮಾತನ್ನು ಯಾರೊಂದಿಗೆ ಆಡಲಿ? ಹೋಗಲಿ, ಆ ಜಾಗ ಖಾಲಿ ಇರಲಿ. ಕಥೆ ಮುಂದೆ ಸಾಗಲಿ.

ಒಂದು ಊರಿನಲ್ಲಿ ನಿಂಬೆವ್ವ ಎಂಬ ಮುದುಕಿ ಇದ್ದಳು. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವುದರಲ್ಲಿ ಅವಳಂಥವಳು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ಕಸೂತಿಗೆ ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಸೂಜಿ ಹಾಕಬೇಕು. ಎಲ್ಲಿ ಹೊರಡಬೇಕು, ಎಲ್ಲಿ ತಿರುಗಬೇಕು ಎಂಬ ದಾರಿ ತಲೆಯಲ್ಲಿರಬೇಕು. ಉಳಿದ ಹೆಂಗಸರ ತಲೆಯಲ್ಲಿ ಎಂಟು ಹತ್ತು ಮಾದರಿ ಇದ್ದರೆ ನಿಂಬೆವ್ವನ ತಲೆಯಲ್ಲಿ ನೂರ ಎಂಬತ್ತು ಇದ್ದವು. ಅವುಗಳಲ್ಲಿ ಹನ್ನೆರಡು ಬಾಗಿಲ ಗೋಪುರ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಆ ಗೋಪುರವಿದ್ದ ಒಂದೇ ಒಂದು ಸೀರೆ ಅವಳ ಅತ್ತೆಯ ಜೊತೆ ಮಣ್ಣಿಗೆ ಹೋಗಿತ್ತು.

ಯುಗಾದಿಯ ಹೊತ್ತಿಗೆ ನಿಂಬೆವ್ವನ ಕಣ್ಣು ಮಂಜಾಯಿತು. ನರ ಒಣಗುತ್ತಿದೆ, ಇದು ಆಪರೇಷನ್ನಿಗೆ ಬಗ್ಗುವಂಥದ್ದಲ್ಲ, ದೀಪಾವಳಿಯ ತನಕ ಕಂಡರೆ ಹೆಚ್ಚು ಎಂದರು ಡಾಕ್ಟರು.

ಅದೇ ಓಣಿಯಲ್ಲಿ ಅಡಿವೆಪ್ಪ ಮಾಸ್ತರ ಇದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಮುಂದೆ ನಾನು ಬೈಯುವುದಿದೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗರು ಲೆಕ್ಕದಲ್ಲಿ ಒಂದು ಹಂತ ಖಾಲಿ ಬಿಟ್ಟರೂ ಅವರು ಇಡೀ ಲೆಕ್ಕಕ್ಕೆ ಸೊನ್ನೆ ಹಾಕುತ್ತಿದ್ದರು. ನಿವೃತ್ತಿಯ ಮೇಲೆ ತಾವಾಗಿಯೇ ಕಂಪ್ಯೂಟರ್ ಕಲಿತಿದ್ದರು. ನಿಮ್ಮ ಮಾದರಿಗಳನ್ನೆಲ್ಲ ಡೇಟಾಬೇಸಿನಲ್ಲಿ ಇಡುತ್ತೇನೆ, ನನ್ನ ಮನೆಯ ಕಂಪ್ಯೂಟರಿನಿಂದಲೇ ಒಂದು ವೆಬ್‌ಸೈಟ್ ನಡೆಸುತ್ತೇನೆ, ಯಾವ ಊರಿನವರಾದರೂ ನೋಡಿ ಹಾಕಬಹುದು ಎಂದು ಅವರು ಮಾತು ಕೊಟ್ಟರು. ನಿಂಬೆವ್ವನಿಗೆ ಜೀವ ಬಂದಂತಾಯಿತು. ಮರುದಿನ ಬೆಳಿಗ್ಗೆಯೇ ಬಟ್ಟೆ, ಸೂಜಿ, ದಾರ ಹಿಡಿದು ಕಟ್ಟೆಯ ಮೇಲೆ ಕೂತಳು.

ಮಾಸ್ತರ ಬರಲಿಲ್ಲ. ಅವರು ಸಾಫ್ಟ್‌ವೇರ್ ಆರಿಸುತ್ತಿದ್ದರು.

ಮೊದಲು ಒಂದನ್ನು ಹಾಕಿದರು. ಅದು ಮನೆಯ ಕಂಪ್ಯೂಟರಿಗೆ ಭಾರ ಎಂದು ಯಾರೋ ಬರೆದದ್ದನ್ನು ಓದಿ ತೆಗೆದರು. ಎರಡನೆಯದನ್ನು ಹಾಕಿದರು. ಅದನ್ನು ಮಾಡಿದವರು ನಾಳೆ ನಿಲ್ಲಿಸಿಬಿಟ್ಟರೆ ಎಂಬ ಚಿಂತೆ ಹತ್ತಿ ಅದನ್ನೂ ತೆಗೆದರು. ಮೂರನೆಯದು ಬಂತು. ಆಮೇಲೆ ವೆಬ್‌ಸೈಟಿನ ಮುಖ ಹೇಗಿರಬೇಕೆಂದು ಒಂದು ತಿಂಗಳು. ಹೊರಗಿನವರು ಒಳನುಗ್ಗದಂತೆ ಬೀಗಗಳು, ಅದಕ್ಕೆ ಇನ್ನೊಂದು ತಿಂಗಳು. ಕೆಟ್ಟರೆ ಇರಲಿ ಎಂದು ಮೂರು ಕಡೆ ಬ್ಯಾಕಪ್ ಇಟ್ಟರು. ಯಾವುದರ ಬ್ಯಾಕಪ್? ಒಳಗೆ ಏನೂ ಇರಲಿಲ್ಲವಲ್ಲ!

ಸಂಜೆ ಸಂಜೆ ಬಂದು ಈ ಪುರಾಣವನ್ನೆಲ್ಲ ನಿಂಬೆವ್ವನಿಗೆ ಒಪ್ಪಿಸುತ್ತಿದ್ದರು. ಅವಳದು ಒಂದೇ ಪ್ರಶ್ನೆ, ಇವತ್ತು ಬರೆದುಕೊಳ್ಳುತ್ತೀರಾ ಎಂದು. ಅವರದೂ ಒಂದೇ ಉತ್ತರ, ಇನ್ನೆರಡು ದಿನ. ಅಲ್ಲಿಯ ತನಕ ಒಂದು ನೋಟ್‌ಬುಕ್ಕಿನಲ್ಲಾದರೂ ಬರೆಯಿರಿ ಎಂದಳು. ಮಾಸ್ತರ ನಕ್ಕರು.

"ಒಂದೇ ಮಾತು ಎರಡ ಸಲ ಯಾಕ ಬರೀಬೇಕ್ರಿ ಅವ್ವಾರ? ಒಮ್ಮೆಗೇ ಸರಿಯಾದ ಜಾಗಾದಾಗ ಇಡೋಣು."

ಶ್ರಾವಣದಲ್ಲಿ ಕಡೆಗೂ ಲ್ಯಾಪ್‌ಟಾಪ್ ಹಿಡಿದು ಬಂದರು. ಕಣ್ಣು ಇರುವಾಗಲೇ ಕಷ್ಟದ್ದು ಮುಗಿಯಲಿ ಎಂದು ನಿಂಬೆವ್ವ ಗೋಪುರದಿಂದ ಶುರುಮಾಡಿದಳು. ಮಾಸ್ತರ ಪ್ರತಿ ಮಾದರಿಗೂ ಪರದೆಯ ಮೇಲೆ ತುಂಬಬೇಕಾದ ಹನ್ನೊಂದು ಕೋಣೆ ಮಾಡಿದ್ದರು: ಹೆಸರು, ಎಳೆಯ ಲೆಕ್ಕ, ಕಲಿಸಿದವರು, ಅವರಿಗೆ ಕಲಿಸಿದವರು, ಊರು, ಇಸವಿ, ಇನ್ನೂ ಏನೇನೋ. ಯಾವ ವರ್ಷ ಕಲಿತಿರಿ ಎಂದು ಕೇಳಿದರು. ಹಿರಿಯ ಮಗಳು ಹೊಟ್ಟೆಯಲ್ಲಿದ್ದಳು ಎಂದಳು ನಿಂಬೆವ್ವ. ಕಂಪ್ಯೂಟರ್ ಅದನ್ನು ಒಪ್ಪಲಿಲ್ಲ. ನಿಮಗೆ ಕಲಿಸಿದ ಅತ್ತೆಗೆ ಯಾರು ಕಲಿಸಿದರು? ಗೊತ್ತಿಲ್ಲ. ಅದನ್ನೂ ಒಪ್ಪಲಿಲ್ಲ.

"ಗೊತ್ತಿಲ್ಲದ್ದು ಖಾಲಿ ಬಿಡ್ರಿ," ಎಂದಳು.

"ಖಾಲಿ ಬಿಟ್ರ ಅದು ಮುಂದ ಹೋಗಂಗಿಲ್ರಿ."

"ಹಂಗಂತ ಅದಕ್ಕ ಹೇಳಿದವರು ಯಾರು?"

"ನಾನೇ ರೀ," ಎಂದರು ಮಾಸ್ತರ.

ಹೇಳಿ, ಇಂಥವರಿಗೆ ಏನು ಮಾಡಬೇಕು? ತಾವೇ ಇಟ್ಟ ನಿಯಮವನ್ನು ತಾವೇ ತೆಗೆಯುವುದು ಬಿಟ್ಟು, ಅತ್ತೆಗೆ ಕಲಿಸಿದವರು ಯಾರೆಂದು ವಿಚಾರಿಸಲು ಆಕೆಯ ತವರಿನವರನ್ನು ಹುಡುಕಿಕೊಂಡು ಹೊರಟರು. ಒಂದೊಂದು ಖಾಲಿ ಕೋಣೆಗೆ ಒಂದೊಂದು ಊರು ತಿರುಗಿದರು. ದಸರೆ ಕಳೆಯಿತು.

ದೀಪಾವಳಿಗೆ ವಾರವಿರುವಾಗ ಮಾಸ್ತರ ಬಂದು, ವೆಬ್‌ಸೈಟ್ ಸಿದ್ಧವಾಯಿತು, ಜಗತ್ತೇ ನೋಡಬಹುದು ಎಂದರು. ನಿಂಬೆವ್ವ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಿದ್ದಳು. ಮೂರು ಸಲ ತಪ್ಪಿತು. ಕಣ್ಣು ಹೋಗಿತ್ತು.

"ಒಳಗ ಏನೈತಿ, ಓದಿ ಹೇಳ್ರಿ," ಎಂದಳು.

ಮಾಸ್ತರ ಓದಿದರು. "ಒಟ್ಟು ಮಾದರಿಗಳು, ಸೊನ್ನೆ."

"ನಿಮ್ಮ ಕೈಯಾಗ ಸೊನ್ನಿ ತಗೊಂಡವರು ಊರ ತುಂಬ ಅದಾರ, ಮಾಸ್ತರ. ಇವತ್ತ ನಿಮ್ಮ ಪಾಳಿ ಬಂತು."

ಮಾಸ್ತರ ಲ್ಯಾಪ್‌ಟಾಪ್ ಮುಚ್ಚಿದರು. ನಿಂಬೆವ್ವ ಅವರ ಕೈಗೆ ಸೂಜಿ ಕೊಟ್ಟು, ದಾರ ಪೋಣಿಸಲು ಹೇಳಿ, ಬಟ್ಟೆ ಮುಂದಿಟ್ಟಳು. ಒಂದು ಹೊಲಿಗೆ ಹಾಕಿ, ಒಂದರ ಜಾಗ ಬಿಟ್ಟು, ಹಾಗೇ ಮುಂದೆ ಹೋಗಿ ಎಂದಳು. ಮಾಸ್ತರ ಹಾಕಿದರು. ಗೆರೆ ಹರಕು ಹರಕಾಗಿ ಕಾಣುತ್ತದೆ ಎಂದು ಗೊಣಗಿದರು.

"ಕಾಣ್ಲಿ. ಈಗ ಅದೇ ದಾರೀಲೆ ಹೊಳ್ಳಿ ಬರ್ರಿ. ಬಿಟ್ಟಲ್ಲೆ ತುಂಬಕೋತ ಬರ್ರಿ."

ಹಿಂದಿರುಗಿ ಬರುವಷ್ಟರಲ್ಲಿ ಗೆರೆ ಪೂರ್ತಿಯಾಗಿತ್ತು. ಒಂದೂ ಗಂಟಿಲ್ಲ. ಬಟ್ಟೆಯನ್ನು ಮಗುಚಿದರೆ ಹಿಂದೆಯೂ ಮುಂದಿನ ಹಾಗೆಯೇ ಇತ್ತು.

"ಇದಕ್ಕ ಗವಂತಿ ಅಂತಾರ್ರಿ, ಮಾಸ್ತರ. ಹೋಗೂ ಮುಂದ ಯಾರೂ ಪೂರಾ ತುಂಬಂಗಿಲ್ಲ. ಒಂದೇ ದಾರಿ ಎರಡ ಸಲ ನಡೀಬೇಕು."

ಗವಂತಿ! ಹಾಂ, ಬಂತು ನೋಡಿ. ಆಗ ಬಿಟ್ಟ ಜಾಗ ಈಗ ತುಂಬಿತು.

ಮಾಸ್ತರ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಹರಿದು, ಅವುಗಳ ಬೆನ್ನಿಗೆ ಬರೆಯತೊಡಗಿದರು. ಸಣ್ಣ ಮಾದರಿಗಳು ನಿಂಬೆವ್ವನ ಬೆರಳಿನಲ್ಲೇ ಇದ್ದವು. ಅರವತ್ತೊಂದು ದಕ್ಕಿದವು. ಗೋಪುರಕ್ಕೆ ಬಂದಾಗ ಏಳು ಬಾಗಿಲ ತನಕ ಸರಾಗವಾಗಿ ಹೇಳಿದಳು. ಎಂಟನೆಯದಕ್ಕೆ ಬಟ್ಟೆ ಕೇಳಿದಳು. ಅದರ ಮೇಲೆ ಕೈಯಾಡಿಸಿದಳು. ಎಡಕ್ಕೆ ತಿರುಗುತ್ತಿದ್ದೆನೋ ಬಲಕ್ಕೋ ಎಂದು ಬಹಳ ಹೊತ್ತು ಯೋಚಿಸಿದಳು.

"ಕಂಡಿದ್ರ ಹೇಳ್ತಿದ್ದೆ," ಎಂದು ಬಟ್ಟೆಯನ್ನು ಮಡಿಸಿಟ್ಟಳು.

ಆ ದಿನ ಮಾಸ್ತರ ಮನೆಗೆ ಹೋಗಿ, ಕೋಣೆ ಖಾಲಿ ಇರಬಾರದು ಎಂಬ ನಿಯಮವನ್ನು ತೆಗೆದರು. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಇವತ್ತಿಗೂ ಆ ವೆಬ್‌ಸೈಟ್ ಅವರ ಮಂಚದ ಕೆಳಗಿನ ಕಂಪ್ಯೂಟರಿನಿಂದಲೇ ನಡೆಯುತ್ತಿದೆ. ಗೋಪುರದ ಪುಟದಲ್ಲಿ ಏಳು ಬಾಗಿಲಿವೆ. ಉಳಿದ ಐದರ ಜಾಗ ಬಿಳಿ. ಬಲ್ಲವರು ತುಂಬಿರಿ ಎಂದು ಕೆಳಗೆ ಬರೆದಿದ್ದಾರೆ. ಇನ್ನೂ ಯಾರೂ ತುಂಬಿಲ್ಲ.

ನನ್ನ ಮೊಮ್ಮಗಳು ಮೇದಿನಿಯೂ ಅಜ್ಜಿಯ ಕಥೆಗಳನ್ನು ಯಾವುದರಲ್ಲಿ ಇಡಬೇಕೆಂದು ಮೂರು ವಾರದಿಂದ ಆರಿಸುತ್ತಿದ್ದಾಳೆ. ನನಗೋ ಎಂಬತ್ತೊಂದು. ಸಾಕು ತಾಯಿ, ಆರಿಸಿದ್ದು. ಆ ಕಿರಾಣಿ ಚೀಟಿಯ ಬೆನ್ನಿಗಾದರೂ ಸರಿ, ಪೆನ್ನು ತಗೋ, ಇದನ್ನು ಈಗಲೇ ಬರೆದುಕೋ:

ನೀತಿ: ಪೆಟ್ಟಿಗೆ ಆರಿಸುತ್ತಾ ಕೂತು ಒಳಗಿಡಬೇಕಾದದ್ದನ್ನು ಕಳೆದುಕೊಳ್ಳಬೇಡಿ. ಗೊತ್ತಿದ್ದಷ್ಟನ್ನು ಇವತ್ತೇ ಬರೆದಿಡಿ, ಗೊತ್ತಿಲ್ಲದ್ದಕ್ಕೆ ಜಾಗ ಬಿಡಿ. ಬಿಟ್ಟ ಜಾಗವನ್ನು ಹಿಂದಿರುಗಿ ಬಂದು ತುಂಬಬಹುದು. ಹೇಳುವವರು ಹೋದ ಮೇಲೆ ಹಿಂದಿರುಗಲು ದಾರಿ ಇರುವುದಿಲ್ಲ.