ಎರಡು ಸೀಟಿನ ಕಾರು

“ಅಜ್ಜಾರ, ಮನಿಯಾಗ ನಾ ಯಾರಿಗೂ ಒಂದ ಬಿರುಸು ಮಾತು ಆಡಿದವಲ್ಲ. ಯಾರಿಗೂ ತ್ರಾಸ ಕೊಟ್ಟವಲ್ಲ. ಆದ್ರೂ ಅಷ್ಟು ಮಂದಿ ನಡುವ ನಾ ಒಬ್ಬನ ಅದೀನಿ ಅನಸ್ತೈತಿ. ಯಾಕ?”

ಹೀಗೆಂದು ಕೇಳಿದವರು ಅಡಿವೆಪ್ಪ ಮಾಸ್ತರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸಂಸಾರಸ್ಥರು. ತಿಂಗಳಿಗೊಮ್ಮೆ ಬಸ್ಸು ಹಿಡಿದು ಮಠಕ್ಕೆ ಬರುತ್ತಿದ್ದರು. ಮಠದ ಗುರುಗಳನ್ನು ಊರವರಂತೆ ಅವರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರಿಗೆ ಉಪದೇಶ ಕೊಡುವುದೆಂದರೆ ಬೇಸರ. ಕತೆ ಹೇಳುವುದೆಂದರೆ ಇಷ್ಟ. ಅದರಲ್ಲೂ ಕೇಳಿದವನಿಗೇ ಚುಚ್ಚುವಂಥ ಕತೆಯೆಂದರೆ ಇನ್ನೂ ಇಷ್ಟ. ಅಂದು ಅವರು ಹೇಳಿದ್ದು ಇದು.

ಒಂದು ಊರಿನಲ್ಲಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬನಿದ್ದ. ಕೈಯಲ್ಲಿ ಕೆಲಸ ಚೆನ್ನಾಗಿತ್ತು, ಬಾಯಲ್ಲಿ ಮಾತು ಕಡಿಮೆ. ಹೊಸದಾಗಿ ಮದುವೆಯಾಗಿತ್ತು. ಮನೆಯಲ್ಲಿ ಹನ್ನೊಂದು ಜನ. ಗಂಡ ಹೆಂಡತಿ ಒಂದು ಮಾತು ಆಡಬೇಕೆಂದರೆ ಸಂತೆಗೆ ಹೋಗುವ ನೆಪ ಬೇಕಾಗುತ್ತಿತ್ತು. ಸಂತೆಗೆ ಹೊರಟರೂ ಅವನ ತಂಗಿಯರಲ್ಲಿ ಒಬ್ಬಳಾದರೂ ಬೆನ್ನು ಹತ್ತುತ್ತಿದ್ದಳು.

ಅಂಥ ಒಂದು ದಿನ ಸ್ಟೇಶನ್ ರಸ್ತೆಯಲ್ಲಿ ಅವರ ಮುಂದೆ ಒಂದು ಕಾರು ಹಾದುಹೋಯಿತು. ಊರಿನ ಹತ್ತಿ ಗಿರಣಿಯ ಮಾಲೀಕ ವಿಲಾಯಿತಿಯಿಂದ ತರಿಸಿದ್ದ ಕೆಂಪು ಸ್ಪೋರ್ಟ್ಸ್ ಕಾರು. ಮೇಲೆ ಚಾವಣಿಯಿಲ್ಲ, ಹಿಂದೆ ಸೀಟಿಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವಂಥದ್ದು. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಎಷ್ಟ ಛಲೋ ಗಾಡಿರೀ. ಇಬ್ಬರಿಗಷ್ಟ ಜಾಗಾ. ಮೂರನೇದವ್ರು ಬರ್ತೀನಂದ್ರೂ ಬರಾಕಾಗಂಗಿಲ್ಲ” ಎಂದು ಗಂಡನಿಗಷ್ಟೇ ಕೇಳುವಂತೆ ಹೇಳಿದಳು.

ಗಂಡಸರು ಹೆಂಡತಿಯ ನೂರು ಮಾತು ಮರೆಯುತ್ತಾರೆ. ಫಿಟ್ಟರ್ ಈ ಒಂದನ್ನು ಮರೆಯಲಿಲ್ಲ.

ವರ್ಷಗಳು ಹೋದವು. ತಂಗಿಯರ ಮದುವೆಯಾಯಿತು. ತಮ್ಮಂದಿರು ಬೇರೆಯಾದರು. ಫಿಟ್ಟರನಿಗೆ ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಹತ್ತಿ ಗಿರಣಿ ಮುಚ್ಚಿತು. ಒಂದು ದಿನ ಅಲ್ಲಿಯ ಗೋದಾಮಿನಲ್ಲಿ ಆ ಕಾರು ಬಿದ್ದಿರುವುದನ್ನು ಅವನು ಕಂಡ. ಬಣ್ಣ ಹೋಗಿತ್ತು. ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಗುಜರಿಯವರು ಒಯ್ಯುವ ಮೊದಲೇ ಮಾಲೀಕನನ್ನು ಕೇಳಿ ಪಡೆದು, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹೇರಿಕೊಂಡು ಮನೆಗೆ ತಂದ.

ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅದನ್ನು ಇಳಿಸಿದಾಗ ಹೆಂಡತಿ ಬಂದು ನೋಡಿದಳು. ಗುರುತು ಹಿಡಿದಳು. ಇಷ್ಟು ವರ್ಷದ ಮೇಲೂ ಸೆರಗು ಬಾಯಿಗೆ ಹೋಯಿತು. ಫಿಟ್ಟರ್ ಹೇಳಿದ್ದು ಇಷ್ಟೇ. ಇದನ್ನು ಸರಿಮಾಡುತ್ತೇನೆ, ಒಂದು ದಿನ ನಿನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸ್ಟೇಶನ್ ರಸ್ತೆಯಲ್ಲಿ ಹೋಗುತ್ತೇನೆ.

ಮೊದಲನೆಯ ಭಾನುವಾರ ಆತ ಎಂಜಿನ್ ಬಿಚ್ಚಲು ಕುಳಿತ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. “ನಾನೇನರ ಹಿಡೀಲೇನ್ರೀ?” ಎಂದಳು.

“ನಿನಗ್ಯಾಕ ತ್ರಾಸ. ನೀ ಹೋಗಿ ಆರಾಮ ಕುಂಡ್ರು” ಎಂದ ಫಿಟ್ಟರ್.

ಪ್ರೀತಿಯಿಂದಲೇ ಅಂದ. ಅದರಲ್ಲಿ ಸುಳ್ಳಿಲ್ಲ. ವಾರವಿಡೀ ದುಡಿಯುವ ಹೆಂಗಸು, ಒಂದು ದಿನವಾದರೂ ಕೂತು ಉಣ್ಣಲಿ ಎಂದು ಅವನ ಆಸೆ. ಆಕೆ ಮುಂದಿನ ಭಾನುವಾರವೂ ಬಂದಳು. ಅದರ ಮುಂದಿನ ಭಾನುವಾರವೂ ಬಂದಳು. ಆಮೇಲೆ ಬರಲಿಲ್ಲ.

ಇಲ್ಲಿ ಫಿಟ್ಟರನ ಪರವಾಗಿ ಒಂದು ಮಾತು ಹೇಳಬೇಕು. ಕಾರಿನ ಹುಚ್ಚು ಹತ್ತಿದವರು ಮನೆ ಮರೆಯುವುದುಂಟು, ಮಠದ ಹುಚ್ಚು ಹತ್ತಿದವರೂ ಮರೆಯುವುದುಂಟು. ಇವನು ಹಾಗಲ್ಲ. ನಳದ ನೀರು ತುಂಬಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು, ಅಪ್ಪನಿಗೆ ಗುಳಿಗೆ ಕೊಟ್ಟು, ಉಳಿದ ಹೊತ್ತನ್ನು ಮಾತ್ರ ಕಾರಿಗೆ ಕೊಡುತ್ತಿದ್ದ. ಮಗಳ ಪರೀಕ್ಷೆಯೆಂದರೆ ತಿಂಗಳುಗಟ್ಟಲೆ ಸುತ್ತಿಗೆ ಮುಟ್ಟುತ್ತಿರಲಿಲ್ಲ. ತಾಯಿ ಹಾಸಿಗೆ ಹಿಡಿದ ವರ್ಷ ಕಾರಿನ ಮೇಲಿನ ತಾಡಪತ್ರಿ ಎತ್ತಲೇ ಇಲ್ಲ. ಒಂದು ವರ್ಷಕ್ಕೆ ಒಂದು ಬಾಗಿಲು ಮುಗಿಯಿತು. ಇನ್ನೊಂದು ವರ್ಷ ಬರೀ ದೀಪಗಳು. ಎಲ್ಲಿಯೂ ಸಿಗದ ಭಾಗಗಳನ್ನು ತಾನೇ ಲೇತಿನಲ್ಲಿ ಕಡೆದು ಮಾಡಿದ. ಮನೆಯವರ ಒಂದು ಗಳಿಗೆಯನ್ನೂ ಕಾರಿಗಾಗಿ ಕಸಿಯಲಿಲ್ಲ. ಬೀಗರು ಬಂದಾಗ ನೋಡಿ ಮೆಚ್ಚುತ್ತಿದ್ದರು. ಗಂಡಸು ಅಂದರೆ ಹೀಗಿರಬೇಕು, ಮನೆಯಲ್ಲಿ ಇದ್ದಾನೋ ಇಲ್ಲವೋ ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದರು.

ಒಮ್ಮೆ ಕಾರ್ಬುರೇಟರ್ ಕೈಕೊಟ್ಟಿತು. ಏಳು ತಿಂಗಳು ಏನು ಮಾಡಿದರೂ ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಫಿಟ್ಟರನಿಗೆ ಊಟ ರುಚಿಸಲಿಲ್ಲ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಹಾಗೇ ಕೂತಿರುತ್ತಿದ್ದ. ಹೆಂಡತಿ ಏನಾಯಿತೆಂದು ಕೇಳಿದಳು. ಏನಿಲ್ಲ ಎಂದ. ಆಕೆಯ ತಲೆಗೆ ಇದನ್ನೆಲ್ಲ ಯಾಕೆ ತುಂಬಬೇಕು ಎಂದುಕೊಂಡ. ಅದೇ ಮಧ್ಯಾಹ್ನ, ಇಂಥ ಹಳೆಯ ಕಾರುಗಳನ್ನು ಬಲ್ಲ, ಪುಣೆಯಲ್ಲಿದ್ದ ಒಬ್ಬ ಮುದುಕ ಮೆಕ್ಯಾನಿಕ್ಕನಿಗೆ ನಾಲ್ಕು ಪುಟದ ಕಾಗದ ಬರೆದ. ಅವನ ಮುಖವನ್ನು ಇವನು ಎಂದೂ ಕಂಡವನಲ್ಲ. ಆದರೂ ತನ್ನ ಬೇಸರ, ತನ್ನ ಸೋಲು, ನಿದ್ದೆ ಬಾರದಿರುವುದು, ಇದು ತನ್ನಿಂದ ಆಗುವ ಕೆಲಸವೇ ಎಂಬ ಹೆದರಿಕೆ, ಎಲ್ಲವನ್ನೂ ಬರೆದ. ಪೇಟೆಗೆ ಹೊರಟಿದ್ದ ಹೆಂಡತಿ ಅದನ್ನು ಒಯ್ದು ಟಪಾಲು ಪೆಟ್ಟಿಗೆಗೆ ಹಾಕಿದಳು. ಲಕೋಟೆ ದಪ್ಪವಾಗಿತ್ತು. ಹಾಕುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿದಳು.

ಇನ್ನು ಬ್ರೇಕಿನ ಸಂಗತಿ. ಹೊಸ ಬ್ರೇಕ್ ಕೂಡಿಸಿದ ಮೇಲೆ ಅದರ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಅದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಪಕ್ಕ ಮಲಗಿ ಸಣ್ಣದೊಂದು ತಿರುಪು ಸಡಿಲಿಸಿ, ಗಾಳಿ ಹೋದೊಡನೆ ಬಿಗಿದು, ಬಿಡು ಎನ್ನಬೇಕು. ಒತ್ತು ಎಂದಾಗ ಒತ್ತಲು, ಬಿಡು ಎಂದಾಗ ಬಿಡಲು ಯಾರಾದರೂ ಆದೀತು. ಹೆಂಡತಿ ಹತ್ತು ಹೆಜ್ಜೆ ದೂರದಲ್ಲಿ, ಹಿತ್ತಲ ಮೆಟ್ಟಿಲ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು.

ಫಿಟ್ಟರ್ ಆಕೆಯನ್ನು ಕರೆಯಲಿಲ್ಲ. ಒಂದು ಕೋಲು ಕತ್ತರಿಸಿ, ಅದನ್ನು ಸೀಟಿಗೂ ಪೆಡಲಿಗೂ ನಡುವೆ ಸಿಕ್ಕಿಸುವ ಉಪಾಯ ಮಾಡಿದ. ಪೆಡಲ್ ಒತ್ತಿ ಕೋಲು ಸಿಕ್ಕಿಸುವುದು, ಇಳಿದು ಬಂದು ಮಲಗುವುದು, ತಿರುಪು ಬಿಚ್ಚಿ ಬಿಗಿಯುವುದು, ಮತ್ತೆ ಎದ್ದು ಹೋಗಿ ಕೋಲು ತೆಗೆಯುವುದು. ಅರ್ಧ ಗಂಟೆಯ ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಇಬ್ಬರ ಕೆಲಸವನ್ನು ಒಬ್ಬನೇ ಮುಗಿಸಿದೆನೆಂದು ಅವನಿಗೆ ಹೆಮ್ಮೆಯೋ ಹೆಮ್ಮೆ. ಆ ಕೋಲಿನ ಚಿತ್ರ ಬರೆದು ಪುಣೆಗೆ ಕಳಿಸಿದ. ಆ ಮೂರರಲ್ಲಿ ಮೊದಲ ಭಾನುವಾರ ಹೆಂಡತಿ, ಸೊಪ್ಪು ಸೋಸಿ ಮುಗಿದ ಮೇಲೂ ಮೆಟ್ಟಿಲ ಮೇಲೆಯೇ ಕೂತಿದ್ದಳು. ಅವನು ನಲವತ್ತು ಸಲ ಎದ್ದು ಮಲಗುವುದನ್ನು ಕಂಡಳು. ಈಗ ಕರೆದಾನು, ಇನ್ನೊಂದು ಸಲಕ್ಕೆ ಕರೆದಾನು ಎಂದು ಕಾದಳು. ಆಮೇಲೆ ಎದ್ದು ಒಳಗೆ ಹೋದಳು. ಆ ಹೊತ್ತಿನಲ್ಲಿ ಆಕೆಗೆ ತಾನು ಯಾರಿಗೂ ಬೇಡವೆನಿಸಿತ್ತು. ಅದು ಫಿಟ್ಟರನಿಗೆ ಗೊತ್ತಾಗಲೇ ಇಲ್ಲ.

ಆಕೆಯಾದರೂ ಏನು ಮಾಡಬೇಕು? ಭಾನುವಾರ ಓಣಿಯ ಹೆಂಗಸರ ಜೊತೆ ಭಜನೆಗೆ ಹೋಗತೊಡಗಿದಳು. ಒಂದು ಸಲ ಅವರೊಂದಿಗೆ ಯಾತ್ರೆಗೂ ಹೋಗಿ ಬಂದಳು. ಎಂದೂ ಊರು ಬಿಟ್ಟವಳಲ್ಲ, ಸಮುದ್ರ ನೋಡಿ ಬಂದಿದ್ದಳು. ಬಂದವಳೇ ಚೀಲ ಇಟ್ಟು ಶೆಡ್ಡಿಗೆ ಹೋದಳು. ಫಿಟ್ಟರ್ ಕಾರಿನ ಕೆಳಗಿದ್ದ, ಎರಡು ಪಾದ ಮಾತ್ರ ಹೊರಗಿದ್ದವು. ಆಕೆ ಆ ಪಾದಗಳಿಗೇ ಸಮುದ್ರದ ವಿಷಯ ಹೇಳಿದಳು. ನೀರು ಎಷ್ಟು ದೂರದವರೆಗೆ ಇತ್ತು, ಅದರ ಸಪ್ಪಳ ಹೇಗಿತ್ತು ಎಂದು ಹೇಳಿದಳು. ಕೆಳಗಿನಿಂದ ಹೂಂ, ಹೂಂ ಎಂದು ಬಂತು. ಆಮೇಲೆ, ಬಸ್ಸಿನಲ್ಲಿ ದಣಿದು ಬಂದಿದ್ದೀಯ, ಹೋಗಿ ಮಲಗು ಎಂಬ ಮಾತು ಬಂತು. ಇದೂ ಪ್ರೀತಿಯ ಮಾತೇ. ಆಕೆ ಹೋಗಿ ಮಲಗಿದಳು.

ಕ್ರಮೇಣ ಮನೆಯವರೆಲ್ಲ ಇದನ್ನೇ ಕಲಿತರು. ಮಗ ಕಾಲೇಜಿನಲ್ಲಿ ಒಂದು ವರ್ಷ ಫೇಲಾದ. ಅಪ್ಪನಿಗೆ ಯಾಕೆ ತ್ರಾಸವೆಂದು ಪಾಸಾದ ಮೇಲೆ ಹೇಳಿದ. ಮಗಳಿಗೆ ಗಂಡನ ಮನೆಯಲ್ಲಿ ಮೊದಲ ವರ್ಷ ಬಹಳ ಕಷ್ಟವಾಯಿತು. ಅವಳು ಅತ್ತದ್ದು ಅವಳ ಗೆಳತಿಗೆ ಗೊತ್ತು, ತವರಿಗೆ ಗೊತ್ತಿಲ್ಲ. ಮನೆಯಲ್ಲಿ ಜಗಳವಿಲ್ಲ, ಗದ್ದಲವಿಲ್ಲ. ಹಬ್ಬಕ್ಕೆ ಎಲ್ಲರೂ ಕೂಡಿದಾಗಲೂ ಧರ್ಮಶಾಲೆಯಲ್ಲಿ ಇಳಿದ ಪ್ರಯಾಣಿಕರಂತೆ ಒಬ್ಬರಿಗೊಬ್ಬರು ದಾರಿಬಿಟ್ಟು ಓಡಾಡುತ್ತಿದ್ದರು.

ಫಿಟ್ಟರನಿಗೂ ಒಂಟಿತನ ಕಾಡತೊಡಗಿತು. ಶೆಡ್ಡಿನಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು ಕೂತಾಗ, ಇದನ್ನೆಲ್ಲ ಮಾಡುತ್ತಿರುವುದು ಆಕೆಗಾಗಿ, ಆಕೆ ಒಮ್ಮೆಯಾದರೂ ಇತ್ತ ಇಣುಕಬಾರದೇ ಎನಿಸಿ ಅಳು ಬರುವಂತಾಗುತ್ತಿತ್ತು. ಕಾರು ಮುಗಿದ ದಿನ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪಕ್ಕದ ಸೀಟಿಗೆ ತನ್ನ ಕೈಯಾರೆ ಹೊಸ ಚರ್ಮ ಹೊಲಿದ. ಅದರ ಮೇಲೆ ಒಮ್ಮೆಯೂ ತಾನು ಕೂಡಲಿಲ್ಲ. ಮೊದಲು ಆಕೆಯೇ ಕೂಡಬೇಕೆಂದು ಇಟ್ಟಿದ್ದ.

ಇಪ್ಪತ್ತೆರಡು ವರ್ಷಕ್ಕೆ ಕಾರು ಮುಗಿಯಿತು. ಅಷ್ಟರಲ್ಲಿ ಫಿಟ್ಟರ್ ನಿವೃತ್ತನಾಗಿದ್ದ. ಒಂದು ಮುಂಜಾನೆ ಕಾರನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸಿದ. ಅದೇ ಕೆಂಪು ಬಣ್ಣ. ಓಣಿಯೆಲ್ಲ ಕೂಡಿತು. ಹೆಂಡತಿ ಇಳಕಲ್ ಸೀರೆಯುಟ್ಟು ಹೊರಗೆ ಬಂದಳು. ಕಾರಿಗೆ ಕುಂಕುಮ ಹಚ್ಚಿದಳು. ಫಿಟ್ಟರ್ ಇಳಿದು ಸುತ್ತಿ ಬಂದು ಪಕ್ಕದ ಬಾಗಿಲು ತೆರೆದು ಹಿಡಿದ.

ಆ ಕಾರಿನ ಸೀಟು ನೆಲದಿಂದ ಒಂದೂವರೆ ಗೇಣು. ಅದರಲ್ಲಿ ಕೂಡಬೇಕೆಂದರೆ ಹೆಚ್ಚುಕಡಿಮೆ ನೆಲಕ್ಕೆ ಕೂತಂತೆಯೇ. ಹೆಂಡತಿ ಬಾಗಿಲಿಗೆ ಕೈಯೂರಿ ಸ್ವಲ್ಪ ತಗ್ಗಿದಳು. ನಿಂತಳು. ಇನ್ನೊಮ್ಮೆ ತಗ್ಗಿದಳು. ನೋವಿಗೆ ಮುಖ ಕಿವುಚಿದಳು. ನೆಟ್ಟಗೆ ನಿಂತುಬಿಟ್ಟಳು.

“ಕೂಡಾಕ ಆಗವಲ್ದುರೀ. ಮೊಣಕಾಲು ಬಗ್ಗಂಗಿಲ್ಲ.”

“ಯಾವಾಗಿಂದ?”

“ಮೂರು ವರ್ಷ ಆತು.”

“ಮೂರು ವರ್ಷ! ನನಗ್ಯಾಕ ಹೇಳಲಿಲ್ಲ?”

“ನಿಮಗ್ಯಾಕ ತ್ರಾಸ ಅಂತ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಆಕೆಯೂ ಅದನ್ನು ಪ್ರೀತಿಯಿಂದಲೇ ಹೇಳಿದಳು. ಪಕ್ಕದ ಮನೆಯಾಕೆಗೆ ಗೊತ್ತಿತ್ತು, ಡಾಕ್ಟರ ಹತ್ತಿರ ಕರೆದೊಯ್ದವಳೇ ಅವಳು. ಹಾಲಿನವನಿಗೂ ಗೊತ್ತಿತ್ತು, ಆಕೆ ಬಗ್ಗಬಾರದೆಂದು ಅವನು ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟುಹೋಗುತ್ತಿದ್ದ. ಕಾರಿನ ಯಾವ ಕೀಲು ಎಷ್ಟು ಸವೆದಿದೆಯೆಂದು ಬೆರಳಿನಿಂದ ಮುಟ್ಟಿ ಹೇಳುತ್ತಿದ್ದ ಗಂಡನಿಗೆ ಮಾತ್ರ ಗೊತ್ತಿರಲಿಲ್ಲ.

“ಮಂದಿ ನಿಂತಾರ. ನೀವು ಒಂದ ಸುತ್ತು ಹೋಗಿ ಬರ್ರಿ” ಎಂದಳು ಹೆಂಡತಿ.

ಫಿಟ್ಟರ್ ಹೋದ. ಸ್ಟೇಶನ್ ರಸ್ತೆಯಲ್ಲಿ ಜನ ನಿಂತು ನೋಡಿದರು, ಕೈ ಬೀಸಿದರು. ಕಾರಿನಲ್ಲಿ ಒಂದೂ ದೋಷವಿರಲಿಲ್ಲ. ಫಿಟ್ಟರ್ ಅಳುತ್ತಿದ್ದ. ತೆರೆದ ಕಾರು, ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದು ನೋಡಿದವರು ತಿಳಿದರು.

ಅಜ್ಜಾರು ಕತೆ ಮುಗಿಸಿದರು.

“ಪಾಪ, ಒಮ್ಮಿ ಆಕಿನ್ನ ಕರದು, ಬಾ ಇಲ್ಲೆ, ನನ್ನೊಬ್ಬನ ಕೈಲೆ ಆಗವಲ್ದು ಅಂದಿದ್ರ ಸಾಕಾಗಿತ್ತಲ್ರೀ” ಎಂದರು ಅಡಿವೆಪ್ಪ ಮಾಸ್ತರು.

ಅಜ್ಜಾರು ಮಾಸ್ತರರ ಮುಖ ನೋಡಿದರು.

“ಒಬ್ಬನ ಅದೀನಿ ಅಂತ ನನಗ ಹೇಳಾಕ ಮೂವತ್ತು ಮೈಲಿ ಬಸ್ಸಿನಾಗ ಬಂದಿ, ಮನಿಯಾಕಿಗೆ ಒಮ್ಮಿಯರ ಹೇಳೀಯೇನು?”