ನಾಲ್ಕನೆಯ ಹೆಗಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ಅಡಿವೆಪ್ಪ ಮಾಸ್ತರರು. ಅವರಿಗೆ ಹೇಳಿದವರು ಅವರ ಸೋದರಮಾವ. ಅದರಾಚೆ ಯಾರೆಂಬುದು ಮಾಸ್ತರರಿಗೂ ತಿಳಿದಿರಲಿಲ್ಲ. ಅವರ ಬಾಯಿಂದ ಕೇಳಿದಂತೆಯೇ ಇಲ್ಲಿ ಬರೆದಿದ್ದೇನೆ.

ಒಬ್ಬ ಶಿಷ್ಯ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ನಾನೂ ನನ್ನ ಹೆಂಡತಿಯೂ ಊರು ಬಿಟ್ಟು ದೊಡ್ಡ ಪಟ್ಟಣಕ್ಕೆ ಹೊರಟಿದ್ದೇವೆ. ಅಲ್ಲಿ ಯಾವ ಕೆಲಸವೂ ಇನ್ನೂ ಗೊತ್ತಾಗಿಲ್ಲ. ಕಾಲೂರುವವರೆಗೆ, ಸ್ವಲ್ಪ ಕಾಲದ ಮಟ್ಟಿಗೆ, ನಾವು ಯಾವುದನ್ನು ಬಿಟ್ಟಿರಬಹುದು?"

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿಯಿದ್ದಳು, ಮಕ್ಕಳಿರಲಿಲ್ಲ. ಅವನು ಮಗ್ಗದಲ್ಲಿ ಕುಳಿತು ನೇಯುತ್ತಿದ್ದ. ಅವಳು ಪಕ್ಕದಲ್ಲಿ ರಾಟೆ ತಿರುಗಿಸಿ ನೂಲು ಸುತ್ತಿ ಕೊಡುತ್ತಿದ್ದಳು. ನೂಲು ತೀರಿದಾಗ ಅವನು ಕೈ ಚಾಚಿದರೆ ಸಾಕು, ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಹೀಗೆ ಹನ್ನೆರಡು ವರ್ಷ ನಡೆಯಿತು. ಆಮೇಲೆ ಸಂತೆಯಲ್ಲಿ ಕೈಮಗ್ಗದ ಸೀರೆ ಕೇಳುವವರು ಕಡಿಮೆಯಾದರು. ನೇಕಾರ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ ಹೆಂಡತಿಯೊಡನೆ ಪಟ್ಟಣಕ್ಕೆ ಹೊರಟ.

ನೆರೆಯವನು ಹೇಳಿದ: "ಪಟ್ಟಣದಲ್ಲಿ ನಿಮಗಾಗಿ ಯಾರು ಒಲೆ ಹಚ್ಚಿಕೊಂಡು ಕೂತಿದ್ದಾರಪ್ಪ?"

"ಯಾರೂ ಕೂತಿಲ್ಲ. ಆದರೂ ಅಷ್ಟು ದೊಡ್ಡ ಊರಲ್ಲಿ ಎರಡು ಜೊತೆ ಕೈಗೆ ಕೆಲಸ ಇರುವುದಿಲ್ಲವೇ?" ಎಂದ ನೇಕಾರ. ನಾಲ್ಕು ದಿನ ನಡೆದು ಇಬ್ಬರೂ ಪಟ್ಟಣ ಸೇರಿದರು.

ಪಟ್ಟಣದಲ್ಲಿ ಕೆಲಸ ಇತ್ತು. ಆದರೆ ಇಬ್ಬರೂ ಒಟ್ಟಿಗೆ ಹೋಗಿ ಕೇಳುತ್ತಿದ್ದರು. ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತಿತ್ತು: "ಒಬ್ಬರಾದರೆ ಮಲಗಲು ಒಂದು ಮೂಲೆ ಇದೆ. ಸಂಸಾರ ಕಟ್ಟಿಕೊಂಡು ಬಂದರೆ ಮನೆ ಎಲ್ಲಿಂದ ತರೋಣ?" ಧರ್ಮಶಾಲೆಯಲ್ಲಿ ಮೂರು ದಿನವಷ್ಟೇ ಇರಗೊಟ್ಟರು. ಆಮೇಲೆ ಕೆರೆಯ ದಂಡೆಯ ಮಂಟಪ. ಎರಡನೆಯ ವಾರ ಹೊಟ್ಟೆಪಾಡಿಗೆ ತಾಳಿಯ ಬಂಗಾರ ಮಾರಿದರು. ಅವಳು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡಳು. ಬಡವರ ಮನೆಯಲ್ಲಿ ಅದು ನಡೆಯುವಂಥದ್ದೇ. ಯಾರೂ ಆಡಿಕೊಳ್ಳಲಿಲ್ಲ, ಆಡಿಕೊಳ್ಳಲು ಅವರನ್ನು ಬಲ್ಲವರೇ ಅಲ್ಲಿರಲಿಲ್ಲ.

ಒಂದು ದಿನ ನೇಕಾರ ಕಟ್ಟಿಗೆ ಮಂಡಿಯೊಂದರ ಮುಂದೆ ನಿಂತ. ಮಂಡಿಯ ಯಜಮಾನ ಅವನ ತೋಳು ನೋಡಿ ಹೇಳಿದ: "ಹೆಂಡತಿ ಇದ್ದವನು ಹೊತ್ತು ಮುಳುಗಿದರೆ ಮನೆ ಮನೆ ಅನ್ನುತ್ತಾನೆ. ನನಗೆ ಮಂಡಿಯಲ್ಲೇ ಬಿದ್ದಿರುವ ಆಳು ಬೇಕು. ನಿನಗೆ ಯಾರಾದರೂ ಇದ್ದಾರೋ?"

ಹೆಂಡತಿ ರಸ್ತೆಯ ಆಚೆ ಮರದ ನೆರಳಿನಲ್ಲಿ ಗಂಟು ಹಿಡಿದು ನಿಂತಿದ್ದಳು. ನೇಕಾರ ಅತ್ತ ನೋಡಿದ. ಎರಡು ದಿನದಿಂದ ಅವಳು ಉಂಡಿರಲಿಲ್ಲ.

"ಯಾರೂ ಇಲ್ಲ," ಎಂದ.

ಕೆಲಸ ಸಿಕ್ಕಿತು. ಸಂಜೆ ಮಂಟಪದಲ್ಲಿ ಅವಳಿಗೆ ನಡೆದದ್ದನ್ನು ಹೇಳಿದ. ಇನ್ನೊಂದು ಸುದ್ದಿಯನ್ನೂ ಹೇಳಿದ. ಜವಳಿ ವರ್ತಕನ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳಲು ಹೆಣ್ಣಾಳು ಬೇಕಾಗಿತ್ತು. ಆದರೆ ಗಂಡ ತೀರಿಕೊಂಡವಳೇ ಆಗಬೇಕು, ಕರೆದುಕೊಂಡು ಹೋಗುವವರು ಯಾರೂ ಇರಬಾರದು.

ಅವಳು ಕತ್ತಿನ ಅರಿಶಿನದ ಕೊಂಬನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಹೇಳಿದಳು: "ನೀವು ಒಂಟಿ ಎಂದರೆ ನಿಮ್ಮದೇನು ಹೋಗುತ್ತದೆ? ನಿಮ್ಮ ಮೈಮೇಲೆ ಮದುವೆಯ ಗುರುತಿಲ್ಲ. ನಾನು ಆ ಮಾತು ಹೇಳಬೇಕಾದರೆ ನಿಮ್ಮನ್ನು ಸಾಯಿಸಬೇಕು."

"ಬಾಯಿಮಾತಿಗೆ ಯಾರೂ ಸಾಯುವುದಿಲ್ಲ. ಒಂದು ಕೋಣೆ ಹಿಡಿಯುವಷ್ಟು ಕೂಡಲಿ. ಬೇರೆ ಓಣಿಗೆ ಹೋಗೋಣ, ಅಲ್ಲಿ ನಾವು ಗಂಡ ಹೆಂಡತಿ. ದೇವರಿಗಂತೂ ಎಲ್ಲ ಗೊತ್ತಿದೆ."

ಬೆಳಿಗ್ಗೆ ಅವಳು ಕೆರೆಯ ಮೆಟ್ಟಿಲಿಳಿದು ಅರಿಶಿನದ ದಾರವನ್ನು ನೀರಿಗೆ ಬಿಟ್ಟಳು. ಬಳೆಗಳನ್ನು ಒಡೆಯಲು ಮನಸ್ಸಾಗದೆ ಒಂದೊಂದಾಗಿ ಕಳಚಿದಳು. ಒದ್ದೆ ಕೈಯಿಂದ ಹಣೆ ಒರೆಸಿಕೊಂಡಳು. ಅಷ್ಟು ಹೊತ್ತೂ ನೇಕಾರ ಬೇರೆ ಕಡೆ ಮುಖ ಮಾಡಿ ನಿಂತಿದ್ದ.

ವರ್ತಕನ ಮನೆಯವರು ದೇವರ ದೀಪದ ಮುಂದೆ ಅವಳನ್ನು ಕೇಳಿದರು. ಗಂಡ ಸತ್ತನೆಂದು ಅವಳು ಹೇಳಿದಳು.

ಸೋಮವಾರ ಸೋಮವಾರ ಇಬ್ಬರೂ ಕೆರೆಯ ದಂಡೆಗೆ ಬರುತ್ತಿದ್ದರು. ಅವಳು ಬಟ್ಟೆ ಒಗೆಯುವ ನೆವದಲ್ಲಿ, ಅವನು ಕೈಕಾಲು ತೊಳೆಯುವ ನೆವದಲ್ಲಿ. ನಡುವೆ ನಾಲ್ಕು ಮೆಟ್ಟಿಲು ಬಿಟ್ಟು, ಪರಸ್ಪರ ಮುಖ ನೋಡದೆ ಮಾತಾಡುತ್ತಿದ್ದರು.

"ಏನಯ್ಯಾ ಬ್ರಹ್ಮಚಾರಿ, ಊಟವಾಯಿತೇ?" ಎನ್ನುತ್ತಿದ್ದಳು.

"ಆಯಿತಮ್ಮ. ನಿನ್ನ ಗಂಡ ಸತ್ತ ಮೇಲೆ ಸ್ವಲ್ಪ ಮೈ ತುಂಬಿಕೊಂಡಿದ್ದೀಯೆ," ಎನ್ನುತ್ತಿದ್ದ.

ಮೊದಲ ಮಳೆಗಾಲದಲ್ಲಿ ಈ ಮಾತಿಗೆ ಇಬ್ಬರೂ ನಗುತ್ತಿದ್ದರು. ಎರಡನೆಯ ಮಳೆಗಾಲದ ಹೊತ್ತಿಗೆ ಆ ತಮಾಷೆ ನಿಂತುಹೋಯಿತು. ಯಾರು ಮೊದಲು ನಿಲ್ಲಿಸಿದರೋ ಇಬ್ಬರಿಗೂ ನೆನಪಿರಲಿಲ್ಲ.

ಒಂದು ಸೋಮವಾರ ಅವಳು ಹೇಳಿದಳು: "ಮನೆಯ ಯಜಮಾನಿ ಕೇಳಿದರು, ಕೆರೆಯಲ್ಲಿ ಯಾವನೊಡನೆಯೋ ಮಾತಾಡುತ್ತೀಯಂತೆ ಎಂದು. ನಮ್ಮೂರವನು ಎಂದೆ. ಗಂಡ ಸತ್ತವಳು ಹಾಗೆ ಮಾಡಬಾರದು ಎಂದರು. ಒಳ್ಳೆಯ ಮಾತಿನಲ್ಲಿಯೇ ಹೇಳಿದರು. ಇನ್ನು ನನಗೆ ಬರಲಾಗುವುದಿಲ್ಲ. ಕೂಡಿಟ್ಟದ್ದು ಸಾಕಲ್ಲವೇ? ಕೋಣೆ ನೋಡಿ."

ಕೂಡಿದ್ದು ಸಾಕಾಗಿತ್ತು. ಅದು ನೇಕಾರನಿಗೂ ಗೊತ್ತಿತ್ತು. ಆದರೆ ಮಂಡಿಯ ಯಜಮಾನ ಅವನಿಗೆ ಮೇಸ್ತ್ರಿಯ ಕೆಲಸ ಕೊಡುವ ಮಾತಾಡಿದ್ದ. ಈಗ ಹೆಂಡತಿ ಇದ್ದಾಳೆಂದರೆ ಸುಳ್ಳುಗಾರನೆಂದು ಹೊರಗೆ ಹಾಕುತ್ತಿದ್ದ.

"ದೀಪಾವಳಿ ಕಳೆಯಲಿ," ಎಂದ ನೇಕಾರ.

ಅವಳು ಒಗೆದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ, ಹೆಗಲಿಗೆ ಹಾಕಿಕೊಂಡು ಹೋದಳು.

ದೀಪಾವಳಿ ಕಳೆಯಿತು. ನೇಕಾರ ಮೇಸ್ತ್ರಿಯಾದ. ಹೊಸದಾಗಿ ಬಂದ ಕೆಲಸ, ಸಂಕ್ರಾಂತಿಯಾದರೂ ಬರಲಿ ಎಂದುಕೊಂಡ. ಸಂಕ್ರಾಂತಿಗೆ ಇನ್ನೂ ಎಂಟು ದಿನವಿರುವಾಗ ಒಂದು ಬೆಳಿಗ್ಗೆ ಜವಳಿ ವರ್ತಕನ ಮನೆಯಿಂದ ಆಳು ಬಂದ. ಮನೆಯಲ್ಲಿ ಸಾವಾಗಿದೆ, ಸುಡಲು ಒಂದು ಗಾಡಿ ಕಟ್ಟಿಗೆ ಬೇಕು ಎಂದು ಹೇಳಿ, ಬಂದ ಹಾಗೆಯೇ ಓಡಿದ.

ಮುದುಕಿ ಹೋದಳು ಎಂದುಕೊಂಡ ನೇಕಾರ. ಮುದುಕಿ ಹೋದರೆ ಅಲ್ಲಿ ಹೆಂಡತಿಗೆ ಕೆಲಸವಿಲ್ಲ. ಇನ್ನು ತಡಮಾಡುವ ಮಾತಿಲ್ಲ, ಇವತ್ತೇ ಕೋಣೆ ಹಿಡಿಯಬೇಕು. ಸಾವಿನ ಕಟ್ಟಿಗೆ ತುಂಬುವಾಗ ಹೀಗೆ ಮನಸ್ಸು ಹಗುರವಾಗಬಾರದೆಂದು ಅವನಿಗೇ ನಾಚಿಕೆಯಾಯಿತು. ಆದರೂ ಕೈ ಚುರುಕಾಗಿ ಓಡಿತು. ಹಸಿ ಕಟ್ಟಿಗೆ ಬದಿಗೆ ಸರಿಸಿ ಒಣಗಿದ್ದನ್ನೇ ಆರಿಸಿ ಹೇರಿದ. ಯಜಮಾನನೂ ಹಳೆಯ ಗಿರಾಕಿಯ ಮನೆಯೆಂದು ಗಾಡಿಯ ಹಿಂದೆ ನಡೆದು ಬಂದ.

ಮುದುಕಿ ಒಳಗೆ ಹಾಸಿಗೆಯಲ್ಲಿ ಅಳುತ್ತಿದ್ದಳು. ಅಂಗಳದಲ್ಲಿ ಮಲಗಿಸಿದ್ದು ನೇಕಾರನ ಹೆಂಡತಿಯನ್ನು.

ಮೂರು ದಿನದ ಜ್ವರವಂತೆ. ಅವಳಿಗೆ ಬಿಳಿಯ ಬಟ್ಟೆ ಹೊದಿಸಿದ್ದರು. ಹಣೆ ಬರಿದು, ಕೈ ಬರಿದು. ಗಂಡನಿರುವಾಗ ಸತ್ತ ಹೆಣ್ಣಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹಣೆತುಂಬ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುವುದು ನಡೆದುಬಂದ ಪದ್ಧತಿ. ಬಡವಿಯಾದರೂ ಅದು ಅವಳ ಪಾಲು. ಯಾರೂ ಕಸಿಯುವುದಿಲ್ಲ.

ನೇಕಾರ ಹೊತ್ತ ಕಟ್ಟಿಗೆ ಇಳಿಸಿ ಮನೆಯ ಯಜಮಾನಿಯ ಮುಂದೆ ನಿಂತ. "ತಾಯಿ, ಅವಳ ಹಣೆಗೆ ಕುಂಕುಮ ಹಚ್ಚಿಸಿ. ಅವಳು ಮುತ್ತೈದೆ. ನಾನು ಅವಳ ಗಂಡ."

ಅಂಗಳದಲ್ಲಿದ್ದವರು ತಿರುಗಿ ನೋಡಿದರು. ಯಜಮಾನಿ ಕೆಟ್ಟವಳಲ್ಲ. ಮೆಲ್ಲಗೆ ಹೇಳಿದಳು: "ಕೆರೆಯಲ್ಲಿ ಮಾತಾಡಿಸುತ್ತಿದ್ದ ಅವಳ ಊರವನು ನೀನೇ ಏನಪ್ಪ? ಎರಡು ವರ್ಷ ಅವಳು ಈ ಮನೆಯಲ್ಲಿ ತಲೆ ಎತ್ತಿ ನಡೆದವಳಲ್ಲ. ಗಂಡ ಸತ್ತನೆಂದು ದೀಪದ ಮುಂದೆ ಹೇಳಿದವಳು. ಸತ್ತವಳಿಗೆ ಈಗ ಕೆಟ್ಟ ಹೆಸರು ತರಬೇಡ. ನೀವು ಗಂಡ ಹೆಂಡತಿ ಎಂದು ಈ ಪಟ್ಟಣದಲ್ಲಿ ಬಲ್ಲವರು ಯಾರಿದ್ದಾರೆ?"

ನೇಕಾರ ಸುತ್ತ ನೋಡಿದ. ಅವನನ್ನು ಬಲ್ಲವನು ಅಲ್ಲಿ ಒಬ್ಬನೇ ಇದ್ದ. ಮಂಡಿಯ ಯಜಮಾನ ಮುಂದೆ ಬಂದು ಹೇಳಿದ: "ಇವನು ನಮ್ಮ ಮೇಸ್ತ್ರಿ ಅಮ್ಮ. ಪ್ರಾಮಾಣಿಕ. ಮದುವೆಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಊರವಳನ್ನು ನೋಡಿ ಕರುಳು ಚುರುಕ್ಕೆಂದಿರಬೇಕು, ಏನೋ ಆಡುತ್ತಿದ್ದಾನೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

"ನಮ್ಮೂರಿಗೆ ಆಳು ಕಳಿಸಿ," ಎಂದ ನೇಕಾರ. "ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ."

"ಎಷ್ಟು ದೂರ?"

"ನಾಲ್ಕು ದಿನದ ದಾರಿ."

ಹೆಣ ಅಷ್ಟು ದಿನ ಕಾಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಒಬ್ಬ ಮುದುಕ ಚಟ್ಟದ ಹಗ್ಗ ಬಿಗಿಯುತ್ತ ಹೇಳಿದ: "ಊರವನು ಅನ್ನುತ್ತಾನಲ್ಲ, ಇವನೂ ಹೆಗಲು ಕೊಡಲಿ. ಮೂವರಿದ್ದೇವೆ, ನಾಲ್ಕನೆಯವನು ಬೇಕಾಗಿತ್ತು."

ನೇಕಾರ ಹೆಗಲು ಕೊಟ್ಟ. ಕಟ್ಟಿಗೆ ಅವನೇ ಒಟ್ಟಿದ. ಬೆಂಕಿ ಇಟ್ಟವನು ವರ್ತಕನ ಮನೆಯ ದನ ಕಾಯುವವನು, ಅವಳ ಕಡೆಯವರು ಯಾರೂ ಇಲ್ಲವಾದ್ದರಿಂದ.

ಗುರು ಇಷ್ಟಕ್ಕೆ ಕತೆ ಮುಗಿಸಿದರು. ಶಿಷ್ಯ ಕೇಳಿದ: "ಗುರುಗಳೇ, ಆ ನೇಕಾರ ಮುಂದೆ ಏನಾದ?"

ಗುರು ಹೇಳಿದರು: "ಅದೇ ಮಂಡಿಯಲ್ಲಿ ಉಳಿದ. ಯಾರಾದರೂ ಕೇಳಿದರೆ ತನಗೆ ಯಾರೂ ಇಲ್ಲ ಎನ್ನುತ್ತಿದ್ದ, ಆಮೇಲೆ ಅದು ಸುಳ್ಳಾಗಿರಲಿಲ್ಲ."

ಶಿಷ್ಯ ಗುರುವಿಗೆ ನಮಸ್ಕರಿಸಿ ಎದ್ದ.

ಗಂಟು ಹೊತ್ತು ಪಟ್ಟಣದ ದಾರಿ ಹಿಡಿದ ಗಂಡ ಹೆಂಡತಿ ನಿಮ್ಮ ಮನೆಯ ಜಗಲಿಯ ಮೇಲೆ ಕುಳಿತು ನೀರು ಕೇಳಿದರೆ, ನೀರು ಕೊಡಿ. ಅವರು ಏಳುವ ಮುನ್ನ ಈ ಕತೆಯನ್ನೂ ಹೇಳಿ ಕಳಿಸಿ.